ಟ್ರಂಬೋನಿಗೆ ತ್ರಿವುಡೆ ಕಲಿಸಿದ್ದು

ಮೊದಲೇ ಹೇಳಿಬಿಡುತ್ತೇನೆ, ಇದನ್ನು ನೀವು ನಂಬುವುದಿಲ್ಲ. ನನ್ನ ಚಿಕ್ಕಮ್ಮ ನಂಬಲಿಲ್ಲ. ಸ್ಕೂಲಿನ ಕೌನ್ಸೆಲರ್ ನಂಬಲಿಲ್ಲ. ಉಡುಪಿಯಿಂದ ಫೋನಿನಲ್ಲಿ ಅಜ್ಜಿ ಮಾತ್ರ "ಹೌದಾ ಮಗಾ" ಅಂದರು, ಆದರೆ ಆ ದಿನ ಅವರಿಗೆ ಲೈನು ಸರಿಯಾಗಿ ಕೇಳುತ್ತಿರಲಿಲ್ಲ. ಹದಿನೇಳು ವರ್ಷದ ನಾನು ಕೆನಡಾದ ಮಿಸಿಸಾಗದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಐದು ವಾರ ಹದಿನಾಲ್ಕು ಮಂದಿಯ ವಾದ್ಯವೃಂದವನ್ನು ನಡೆಸಿದೆ. ನಲವತ್ತು ಮಂದಿ ಎಂದು ಬರೆಯಲು ಕೈ ತುರಿಸುತ್ತಿದೆ. ಹದಿನಾಲ್ಕೇ. ಸದ್ದು ಮಾತ್ರ ನಲವತ್ತು ಮಂದಿಯದು, ಅದಕ್ಕೆ ಮೇಲಿನ ಮಹಡಿಯಲ್ಲಿ ಟೈಪಿಂಗ್ ಕಲಿಯುತ್ತಿದ್ದವರೇ ಸಾಕ್ಷಿ.

ಇನ್ನೊಂದು ವಿಷಯ. ಕಾಲೇಜಿನಲ್ಲಿ ಎಲ್ಲರೂ ಮಾತಾಡಿದ್ದು ಇಂಗ್ಲಿಷಿನಲ್ಲಿ. ನಾನು ಬರೆಯುತ್ತಿರುವುದು ಕನ್ನಡದಲ್ಲಿ, ಮತ್ತು ನನಗೆ ಬರುವ ಮಾತು ಉಡುಪಿ ಕಡೆಯದೊಂದೇ. ಹಾಗಾಗಿ ಇಲ್ಲಿ ಟ್ರಂಬೋನಿನವನಿಂದ ಹಿಡಿದು ವಿಭಾಗದ ಮುಖ್ಯಸ್ಥರವರೆಗೆ ಎಲ್ಲರೂ ಮಲ್ಪೆಯಲ್ಲಿ ಹುಟ್ಟಿ ಬೆಳೆದವರ ಹಾಗೆ ಮಾತಾಡುತ್ತಾರೆ. ಅವರು ಯಾರೂ ಇದನ್ನು ಓದುವುದಿಲ್ಲ, ನನಗೆ ಹೆದರಿಕೆ ಇಲ್ಲ.

ನಮ್ಮ ಹೈಸ್ಕೂಲಿನಲ್ಲಿ ಕೋ-ಆಪ್ ಎಂಬ ವ್ಯವಸ್ಥೆ ಇದೆ. ಬೆಳಿಗ್ಗೆ ಕ್ಲಾಸು, ಮಧ್ಯಾಹ್ನ ಎಲ್ಲಾದರೂ ಹೋಗಿ ಸಂಬಳವಿಲ್ಲದೆ ದುಡಿಯುವುದು, ಅದಕ್ಕೆ ಮಾರ್ಕು. ನನಗೆ ಸಿಕ್ಕಿದ್ದು ಆ ಕಾಲೇಜಿನ ಕಂಪ್ಯೂಟರ್ ಲ್ಯಾಬ್. ಎರಡು ಸಾವಿರನೇ ಇಸವಿ ಬಂದ ಕೂಡಲೇ ಜಗತ್ತಿನ ಕಂಪ್ಯೂಟರುಗಳೆಲ್ಲ ಕೆಟ್ಟು ನಿಲ್ಲುತ್ತವೆಂದು ಜನ ಹೆದರಿದ್ದ ವರ್ಷ ಅದು. ತನ್ನ ಮಗ ಅದನ್ನೇ ರಿಪೇರಿ ಮಾಡುತ್ತಿದ್ದಾನೆಂದು ಅಪ್ಪ ಓಕ್‌ವಿಲ್‌ನಿಂದ ಯೂನಿಯನ್‌ವಿಲ್‌ವರೆಗಿನ ಎಲ್ಲ ಕನ್ನಡ ಮನೆಗಳಿಗೆ ಫೋನ್ ಮಾಡಿ ತಿಳಿಸಿದ್ದರು. ಲ್ಯಾಬಿನಲ್ಲಿ ನಾನು ಮಾಡುತ್ತಿದ್ದ ಕೆಲಸವೆಂದರೆ ಮೌಸಿನ ಹೊಟ್ಟೆಯೊಳಗಿನ ರಬ್ಬರ್ ಗೋಲಿ ತೆಗೆದು ಅದಕ್ಕೆ ಅಂಟಿದ ಕೊಳೆಯನ್ನು ಉಗುರಿನಿಂದ ಕೆರೆಯುವುದು. ಎರಡು ದಿನದಲ್ಲಿ ಅರುವತ್ತು ಗೋಲಿ ಕೆರೆದೆ. ಮೂರನೆಯ ದಿನ ಎದುರಿನ ಕೋಣೆಯಿಂದ ಟ್ರಂಬೋನಿನ, ಅಂದರೆ ಉದ್ದ ಕೊಳವೆ ಎಳೆದು ಊದುವ ಹಿತ್ತಾಳೆ ವಾದ್ಯದ, ಸದ್ದು ಬಂತು. ಇಣುಕಿ ನೋಡಿದೆ. ಅಲ್ಲಿನ ಸಂಗೀತದ ಟೀಚರಿಗೆ ಕುರ್ಚಿ ಜೋಡಿಸುವವರು ಬೇಕಿತ್ತು. ಲ್ಯಾಬಿನವರು "ಹೋಗು ಮಾರಾಯ, ಇಲ್ಲಿ ಇನ್ನು ಗೋಲಿ ಇಲ್ಲ" ಅಂದರು. ಸ್ಕೂಲಿನ ಕಾಗದದಲ್ಲಿ ವಿಭಾಗದ ಹೆಸರು ಬದಲಾಯಿತು. ನಮ್ಮ ಮನೆಯ ಫ್ರಿಜ್ ಮೇಲಿದ್ದ ಕಾಗದದಲ್ಲಿ ಬದಲಾಗಲಿಲ್ಲ. ನಾನು ಸುಳ್ಳು ಹೇಳಲಿಲ್ಲ. ಫ್ರಿಜ್ಜು ಹೇಳಿತು.

ಇಲ್ಲಿ ಅಪ್ಪನ ಬಗ್ಗೆ ಹೇಳಲೇಬೇಕು. ಅವರು ಓಕ್‌ವಿಲ್‌ನ ಕಾರ್ ಪ್ಲಾಂಟಿನಲ್ಲಿ ಇನ್ಸ್‌ಪೆಕ್ಟರ್, ಮಧ್ಯಾಹ್ನದ ಶಿಫ್ಟು. ಬಾಗಿಲು ಮುಚ್ಚಿದ ಸದ್ದು ಕೇಳಿಯೇ ಕಾರು ಪಾಸೋ ಫೇಲೋ ಹೇಳುತ್ತಾರೆ. ಭಾನುವಾರ ಮಾತ್ರ ಅವರು ನಮ್ಮ ಬೇಸ್‌ಮೆಂಟಿನಲ್ಲಿ ಯಕ್ಷಗಾನದ ಭಾಗವತರು. ಅಂದರೆ ಕೂತು ಪದ್ಯ ಹಾಡುವವರೂ ಅವರೇ, ಕೈಯಲ್ಲಿ ಕಂಚಿನ ತಾಳ ಹಿಡಿದು ಚಂಡೆ, ಮದ್ದಳೆ, ಕುಣಿಯುವವರು ಎಲ್ಲರನ್ನೂ ನಡೆಸುವವರೂ ಅವರೇ. ಹನ್ನೊಂದನೇ ವಯಸ್ಸಿನಿಂದ ನಾನು ಅವರ ಪಕ್ಕದಲ್ಲಿ ಮದ್ದಳೆ ಬಾರಿಸುತ್ತಿದ್ದೇನೆ. ಆದರೆ ಮನೆಯ ಕಾನೂನು ಸ್ಪಷ್ಟ.

"ಆಟ ಭಾನುವಾರಕ್ಕೆ. ಬಾಕಿ ಆರು ದಿನ ಗಣಿತ. ತಾಳದಲ್ಲಿ ಹೊಟ್ಟೆ ತುಂಬುದಾದ್ರೆ ನಾನು ಯಾಕೆ ಹಿಮದಲ್ಲಿ ಪ್ಲಾಂಟಿಗೆ ಹೋಗ್ಬೇಕು? ಹೇಳು ನೋಡುವ."

ನಾನು ಯಾವತ್ತೂ ಉತ್ತರ ಹೇಳಿರಲಿಲ್ಲ. ಉತ್ತರ ಇರಲಿಲ್ಲವೆಂದಲ್ಲ. ಅವರು ಪ್ರಶ್ನೆ ಕೇಳುತ್ತಿದ್ದದ್ದು ನಾನು ಊಟ ಮಾಡುತ್ತಿದ್ದಾಗ.

ಫೆಬ್ರವರಿಯಲ್ಲಿ ಟೀಚರ್ ಕಾಲೇಜಿನ ಪಾರ್ಕಿಂಗಿನಲ್ಲಿ ಮಂಜುಗಡ್ಡೆಯ ಮೇಲೆ ಜಾರಿಬಿದ್ದರು. ಬಲ ಭುಜ ಮುರಿಯಿತು. ಮೂರನೆಯ ದಿನವೇ ಕೈಯನ್ನು ಕುತ್ತಿಗೆಗೆ ಕಟ್ಟಿಕೊಂಡು ಬಂದರು. ಕೂರಬಲ್ಲರು, ಬೈಯಬಲ್ಲರು, ಆದರೆ ಕೈ ಎತ್ತಿ ವೃಂದ ನಡೆಸಲಾರರು. ಆಗ ಸಂಗೀತ ವಿಭಾಗದ ಮುಖ್ಯಸ್ಥರು ಬಂದರು. ಟೈ, ಕೈಯಲ್ಲಿ ಸ್ಟಾಪ್‌ವಾಚ್, ಮುಖದಲ್ಲಿ ಏನೂ ಇಲ್ಲ.

"ನಡೆಸುವವರು ಇಲ್ಲದಿದ್ರೆ ವರ್ಷದ ಕೊನೆಯ ಸಂಗೀತ ಕಚೇರಿಯಿಂದ ನಿಮ್ಮ ಗುಂಪನ್ನು ತೆಗಿಬೇಕಾಗ್ತದೆ," ಅಂದರು. "ಏಪ್ರಿಲ್ ಮೊದಲ ಗುರುವಾರ ನಾನು ಬಂದು ಕೇಳ್ತೇನೆ. ಎಂಟು ನಿಮಿಷದ ಒಳಗೆ ಒಂದು ಸಂಗೀತದ ತುಂಡು, ಸರಿಯಾಗಿ ಶುರು, ಸರಿಯಾಗಿ ಮುಗಿತಾಯ. ಇಲ್ಲಾಂದ್ರೆ ಇಲ್ಲ."

ಕಚೇರಿ ಇಲ್ಲದಿದ್ದರೆ ಹದಿನಾಲ್ಕು ಮಂದಿಗೆ ಆ ವಿಷಯದಲ್ಲಿ ಮಾರ್ಕೇ ಇಲ್ಲ. ಆ ಕೋರ್ಸು ಬರುವುದು ವರ್ಷಕ್ಕೊಮ್ಮೆ. ಟ್ರಂಬೋನಿನವನಿಗೆ ಇಪ್ಪತ್ತಾರು ವರ್ಷ, ಬೆಳಗಿನ ಜಾವ ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸು ಎತ್ತಿ ನೇರ ಕ್ಲಾಸಿಗೆ ಬರುತ್ತಿದ್ದ. ಡಿಪ್ಲೊಮಾಕ್ಕೆ ಅವನಿಗೆ ಬಾಕಿ ಇದ್ದದ್ದು ಇದೊಂದೇ. ಎತ್ತರ ಎಷ್ಟೆಂದರೆ ಬಾಗಿಲಲ್ಲಿ ತಲೆ ತಗ್ಗಿಸದಿದ್ದರೆ ಕಾಲೇಜಿನವರು ಗೋಡೆ ಮತ್ತೆ ಕಟ್ಟಬೇಕಿತ್ತು.

ಮುಖ್ಯಸ್ಥರು ಹೋದ ಮೇಲೆ ಟೀಚರ್ ಕೋಣೆಯನ್ನೆಲ್ಲ ಕಣ್ಣಲ್ಲೇ ಹುಡುಕಿದರು. ಊದುವವರು ಊದಬೇಕು, ಅವರನ್ನು ಎಬ್ಬಿಸುವಂತಿಲ್ಲ. ಕೈ ಖಾಲಿ ಇದ್ದದ್ದು ನನ್ನದು ಮಾತ್ರ. ಅದರಲ್ಲೂ ಒಂದು ಕುರ್ಚಿ ಇತ್ತು.

"ಕುರ್ಚಿ ಕೆಳಗಿಡು," ಅಂದರು. "ನನ್ನ ಪೀಠದ ಮೇಲೆ ಹತ್ತು."

"ಇವನಾ?" ಟ್ರಂಬೋನಿನವನು ಎದ್ದು ನಿಂತ. ಎದ್ದದ್ದು ಮುಗಿಯಲು ಸ್ವಲ್ಪ ಹೊತ್ತು ಬೇಕಾಯಿತು. "ಇವನಿಗೆ ಇನ್ನೂ ಮೀಸೆ ಬರ್ಲಿಲ್ಲ. ನನ್ನ ಡಿಪ್ಲೊಮಾ ಇವನ ಕೈಯಲ್ಲಾ?"

"ಬೇರೆ ಕೈ ಉಂಟಾ?" ಎಂದು ಟೀಚರ್ ತಮ್ಮ ಕಟ್ಟಿದ ಕೈ ತೋರಿಸಿದರು.

ಮೀಸೆ ಬಂದಿತ್ತು. ಬೆಳಕು ಸರಿ ಇರಲಿಲ್ಲ, ಅಷ್ಟೆ.

ನುಡಿಸಬೇಕಾಗಿದ್ದದ್ದು ಟೀಚರ್ ತಾವೇ ಬರೆದ ತುಂಡು, ಏಳು ಎಣಿಕೆಯದು. ಮೊದಲ ದಿನ ವೃಂದ ನಡೆಸುವ ಪುಟ್ಟ ಕೋಲು ಹಿಡಿದು, ಟೀಚರ್ ಮಾಡುತ್ತಿದ್ದ ಹಾಗೆ ಗಾಳಿಯಲ್ಲಿ ಚಿತ್ರ ಬಿಡಿಸಿದೆ. ಸೊಳ್ಳೆ ಓಡಿಸಿದ ಹಾಗಿತ್ತಂತೆ. ಊದುವವರು ಮನಸ್ಸಿನಲ್ಲಿ ಒನ್, ಟೂ, ಥ್ರೀ ಎಂದು ಎಣಿಸುತ್ತಿದ್ದರು. ಆರರವರೆಗೆ ಒಂದೊಂದು ಏಟು, ಏಳಕ್ಕೆ ಬಂದಾಗ "ಸೆ" ಒಂದು, "ವೆನ್" ಇನ್ನೊಂದು. ಅರ್ಧ ಜನ ಏಳರಲ್ಲಿ, ಅರ್ಧ ಜನ ಎಂಟರಲ್ಲಿ. ಹತ್ತು ಸುತ್ತು ಕಳೆಯುವಾಗ ಒಂದೇ ಕೋಣೆಯಲ್ಲಿ ಎರಡು ಮೆರವಣಿಗೆ ಎದುರುಬದುರು ಬಂದು ಗುದ್ದಿಕೊಂಡ ಹಾಗೆ ಕೇಳಿಸಿತು. ಎರಡನೆಯ ದಿನವೂ ಅದೇ. ಮೂರನೆಯ ದಿನ ಮೇಲಿನ ಮಹಡಿಯವರು ನೆಲಕ್ಕೆ ಕುಟ್ಟಿದರು. ನಿಜ ಹೇಳಬೇಕೆಂದರೆ ಅವರ ಕುಟ್ಟು ನಮಗಿಂತ ಲಯದಲ್ಲಿತ್ತು.

ಆ ದಿನ ಬಸ್ಸಿನಲ್ಲಿ ಮನೆಗೆ ಹೋಗುವಾಗ ಕಿಟಕಿಗೆ ಹಣೆ ಒರಗಿಸಿ ಯೋಚಿಸಿದೆ. ಏಳು ಎಣಿಕೆ ಎಂದರೆ ನಮ್ಮ ತ್ರಿವುಡೆ ತಾಳ. ಅದನ್ನು ನಾನು ಯಾವತ್ತೂ ಎಣಿಸಿದ್ದಿಲ್ಲ. ಬೇಸ್‌ಮೆಂಟಿನಲ್ಲಿ ಯಾರ ಎದುರಿಗೂ ಕಾಗದ ಇರುವುದಿಲ್ಲ. ಮೊದಲು ಬಾಯಲ್ಲಿ ಹೇಳಬೇಕು, ಬಾಯಲ್ಲಿ ಕೂತದ್ದು ಮಾತ್ರ ಕೈಗೆ. ಬಾಯಲ್ಲಿ ತಪ್ಪಿದರೆ ಅಪ್ಪ ಮದ್ದಳೆಯನ್ನೇ ಎತ್ತಿ ಆಚೆ ಇಡುತ್ತಿದ್ದರು.

ಮರುದಿನ ಎಲ್ಲರೂ ಬರುವ ಮೊದಲೇ ಹೋಗಿ ಕಾಗದ ಇಡುವ ಹದಿನಾಲ್ಕು ಸ್ಟ್ಯಾಂಡುಗಳನ್ನೂ ಮಡಚಿ ಕಪಾಟಿನಲ್ಲಿ ಹಾಕಿ ಬೀಗ ಜಡಿದೆ. ಕೀಲಿಯನ್ನು ಸಾಕ್ಸಿನೊಳಗೆ ಇಟ್ಟುಕೊಂಡೆ.

"ಕಾಗದ ಎಲ್ಲಿ?" ಕ್ಲಾರಿನೆಟ್ಟಿನ ಹೆಂಗಸು ಕೇಳಿದರು. ಅವರಿಗೆ ಐವತ್ತು ದಾಟಿತ್ತು. ಬೆಳಿಗ್ಗೆ ಸ್ಕೂಲ್ ಬಸ್ ಓಡಿಸಿ ಮಧ್ಯಾಹ್ನ ವಿದ್ಯಾರ್ಥಿನಿಯಾಗುತ್ತಿದ್ದವರು.

"ಕಾಗದ ಇಲ್ಲ. ವಾದ್ಯವೂ ಬೇಡ, ಕೆಳಗಿಡಿ. ನಾನು ಹೇಳಿದ್ದನ್ನು ಹೇಳಿ. ತಕಿಟ ತಕಧಿಮಿ."

ಹಿಂದಿನ ಸಾಲಿನಿಂದ ಯಾರೋ "ಇದೆಂತ, ಹೋಟೆಲಿನ ಮೆನುವಾ?" ಅಂದರು. ಎಲ್ಲರೂ ನಕ್ಕರು.

"ಮೂರು ಮತ್ತು ನಾಲ್ಕು. ತಕಿಟ ಮೂರು, ತಕಧಿಮಿ ನಾಲ್ಕು. ಎಣಿಸ್ಲಿಕ್ಕೇ ಇಲ್ಲ."

"ನಾನು ಹೇಳುದಿಲ್ಲ," ಅಂದ ಟ್ರಂಬೋನಿನವನು. "ನಾನು ಊದ್ಲಿಕ್ಕೆ ಬಂದದ್ದು, ಮಂತ್ರ ಹೇಳ್ಲಿಕ್ಕಲ್ಲ."

ಆ ಕ್ಷಣದಲ್ಲಿ ನನಗೆ ಎಲ್ಲಿಂದ ಧೈರ್ಯ ಬಂತೋ ಗೊತ್ತಿಲ್ಲ. "ಹಾಗಾದ್ರೆ ಊದಿ. ಏಳು ಸುತ್ತು, ನೀವೊಬ್ಬರೇ. ಸರಿ ಬಂದ್ರೆ ಈಗಲೇ ಕಾಗದ ಕೊಡ್ತೇನೆ."

ಅವನು ಊದಿದ. ನಾನು ಪಕ್ಕದಲ್ಲಿ ನಿಂತು ಕೈ ತಟ್ಟಿದೆ. ಮೂರನೆಯ ಸುತ್ತಿನಲ್ಲಿ ಅವನು ಎಂಟಕ್ಕೆ ಜಾರಿದ. ಅದು ಅವನಿಗೇ ಕೇಳಿಸಿತು. ಟ್ರಂಬೋನನ್ನು ಮಡಿಲಲ್ಲಿಟ್ಟು, ನೆಲ ನೋಡುತ್ತಾ, ವಿಮಾನ ಹೊರಡುವ ಮೊದಲಿನ ಗುರುಗುರುವಿನಂಥ ಸ್ವರದಲ್ಲಿ ಹೇಳಿದ: "ತಕಿಟ... ತಕಧಿಮಿ."

ಟೀಚರ್ ಎಡಗೈಯಲ್ಲಿದ್ದ ಕಾಫಿ ಕೆಳಗಿಟ್ಟರು.

ಒಂದು ವಾರ ಪೂರ್ತಿ ಬಾಯಿಪಾಠ. ಮೊದಲು ನಿಧಾನ, ಆಮೇಲೆ ಅದರ ದುಪ್ಪಟ್ಟು, ಮತ್ತೆ ನಿಧಾನ. ತಕಿಟ ಕ್ಲಾರಿನೆಟ್ಟು ಮತ್ತು ಕೊಳಲಿನವರಿಗೆ, ತಕಧಿಮಿ ಟ್ರಂಪೆಟ್ಟು ಟ್ರಂಬೋನಿನವರಿಗೆ. ಅತ್ತಿಂದ ಎಸೆದದ್ದನ್ನು ಇತ್ತಿಂದ ಹಿಡಿಯುವುದು. ಟ್ರಂಬೋನಿನವನು ಸೂಟ್‌ಕೇಸುಗಳನ್ನು ಅದೇ ಲಯದಲ್ಲಿ ಎಸೆಯಲು ಶುರುಮಾಡಿದ ಮೇಲೆ ಅವನ ಸಾಲಿನಲ್ಲಿ ಕೆಲಸ ಬೇಗ ಮುಗಿಯುತ್ತಿತ್ತಂತೆ. ಇದು ಅವನೇ ಹೇಳಿದ್ದು, ನಾನು ಸೇರಿಸಿದ್ದಲ್ಲ. ಎರಡನೆಯ ವಾರ ವಾದ್ಯ ಕೈಗೆ ಕೊಟ್ಟೆ. ಏಳು ಸುತ್ತು, ಹದಿನಾಲ್ಕು ಸುತ್ತು, ಐವತ್ತು ಸುತ್ತು. ಯಾರೂ ಜಾರಲಿಲ್ಲ. ಮೇಲಿನ ಮಹಡಿಯವರು ಕುಟ್ಟುವುದನ್ನು ನಿಲ್ಲಿಸಿದರು.

ಹೊಸ ತೊಂದರೆ ಬಂತು. ಹದಿನಾಲ್ಕು ಮಂದಿ ಒಟ್ಟಿಗೆ ಊದಿದಾಗ ನನ್ನ ಚಪ್ಪಾಳೆ ನನಗೇ ಕೇಳಿಸಲಿಲ್ಲ. ಡ್ರಮ್ಮಿನ ಕೋಲುಗಳನ್ನು ಒಂದಕ್ಕೊಂದು ಹೊಡೆದೆ, ಸಾಲಲಿಲ್ಲ. ಹಸುವಿನ ಕೊರಳ ಗಂಟೆಯಂಥ ಒಂದು ವಾದ್ಯ ಅಲ್ಲಿತ್ತು. ಅದನ್ನು ಬಡಿದಾಗ ಹಸುವೇ ಒಳಗೆ ಬಂದ ಹಾಗಾಯಿತು. ಟ್ರಂಪೆಟ್ಟಿನ ಸದ್ದನ್ನು ಸೀಳಿಕೊಂಡು ಹೋಗುವ ವಸ್ತು ಇಡೀ ಮಿಸಿಸಾಗದಲ್ಲಿ ನನಗೆ ಗೊತ್ತಿದ್ದದ್ದು ಒಂದೇ. ಅದು ನಮ್ಮ ದೇವರ ಕಪಾಟಿನಲ್ಲಿ ಕೆಂಪು ವಸ್ತ್ರದಲ್ಲಿ ಸುತ್ತಿ ಇತ್ತು. ಅಪ್ಪನ ತಾಳ, ಅವರಿಗೆ ಅವರ ಗುರುಗಳು ಕೊಟ್ಟದ್ದು. ಅಪ್ಪ ಅದನ್ನು ಶನಿವಾರ ಹುಣಸೆಹಣ್ಣು ಹಾಕಿ ತಿಕ್ಕಿ, ಭಾನುವಾರ ಕಣ್ಣಿಗೊತ್ತಿ ನುಡಿಸಿ, ಮತ್ತೆ ಕಟ್ಟಿಡುತ್ತಿದ್ದರು. ಅಮ್ಮನೂ ಮುಟ್ಟುವ ಹಾಗಿರಲಿಲ್ಲ.

ಸೋಮವಾರ ತೆಗೆದುಕೊಂಡು ಹೋದೆ. ಶುಕ್ರವಾರ ವಾಪಸ್ ಇಟ್ಟೆ. ನಡುವಿನ ದಿನಗಳಲ್ಲಿ ಆ ವಸ್ತ್ರದೊಳಗೆ ಉಪ್ಪಿನಕಾಯಿ ಡಬ್ಬದ ಎರಡು ಮುಚ್ಚಳಗಳಿದ್ದವು, ಗಂಟು ಅಪ್ಪ ಹಾಕುವ ಹಾಗೆಯೇ. ಕಣ್ಣಿಗೊತ್ತಿಕೊಳ್ಳುವುದನ್ನು ಮಾತ್ರ ನಾನು ಒಂದು ದಿನವೂ ಬಿಡಲಿಲ್ಲ. ಕದ್ದದ್ದು ಹೌದು, ಮರ್ಯಾದೆ ಬಿಟ್ಟಿರಲಿಲ್ಲ.

ಆ ತಾಳದ ಮೊದಲ ಏಟಿಗೆ ಟ್ರಂಪೆಟ್ಟಿನವರು ಬೆನ್ನು ನೆಟ್ಟಗೆ ಮಾಡಿ ಕೂತರು. ನಾನು ನಿಲ್ಲುವುದನ್ನು ಬಿಟ್ಟೆ. ಭಾಗವತರು ಕೂರುತ್ತಾರೆ. ಕುರ್ಚಿಗಳ ಅರ್ಧಚಂದ್ರದ ನಡುವೆ ಒಂದು ಸ್ಟೂಲು ಹಾಕಿ ಕೂತೆ. ಮತ್ತು ಒಂದು ನಿಯಮ ಮಾಡಿದೆ. ಈ ತುಂಡಿಗೆ ಇಷ್ಟೇ ಸುತ್ತು ಎಂದಿಲ್ಲ. ನಾನು ಮುಕ್ತಾಯದ ಪೆಟ್ಟನ್ನು, ಅಂದರೆ ನಿಲ್ಲಿಸಲು ಸೂಚಿಸುವ ಸೊಲ್ಲನ್ನು, ಬಾಯಲ್ಲಿ ಹೇಳಿ, ಅದನ್ನೇ ಮೂರು ಸಲ ತಾಳದಲ್ಲಿ ಕೊಡುವವರೆಗೆ ಯಾರೂ ನಿಲ್ಲಿಸಬಾರದು. ಮನೆಗೆ ಬೆಂಕಿ ಬಿದ್ದರೂ ನಿಲ್ಲಿಸಬಾರದು. ನನ್ನ ಮುಖ ನೋಡಬೇಡಿ, ತಾಳ ಕೇಳಿ.

"ಎಂಟು ನಿಮಿಷ ದಾಟಿದ್ರೆ?" ಟೀಚರ್ ಕೇಳಿದರು.

"ದಾಟುದಿಲ್ಲ. ನಾನಿಲ್ವಾ?"

ಆ ಮಾತಿಗೆ ನಾಲ್ಕನೆಯ ವಾರ ಸರಿಯಾದ ಏಟು ಬಿತ್ತು. ಆ ದಿನ ಬೇರೆ ಕ್ಲಾಸಿನ ಐದಾರು ಹುಡುಗಿಯರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಾನು ವೇಗ ಏರಿಸಿದೆ. ಇನ್ನೂ ಏರಿಸಿದೆ. ಕೈ ಕಾಣಿಸದಷ್ಟು ಏರಿಸಿದೆ. ಕ್ಲಾರಿನೆಟ್ಟು ಒಮ್ಮೆ ಕಿರುಚಿ ಸುಮ್ಮನಾಯಿತು. ಬಸ್ ಓಡಿಸುವ ಹೆಂಗಸು ಎದೆ ಹಿಡಿದುಕೊಂಡು ಕೆಮ್ಮುತ್ತಿದ್ದರು. ಕೆಮ್ಮು ನಿಂತ ಮೇಲೆ ವಾದ್ಯವನ್ನು ಪೆಟ್ಟಿಗೆಯಲ್ಲಿಟ್ಟರು.

"ನೀನು ಓಡಿದ್ದು ಆ ಬಾಗಿಲಿನವರಿಗೆ," ಅಂದರು. "ನಮ್ಮಲ್ಲಿ ಉಸಿರು ಉಂಟಾ ಇಲ್ವಾ ನೋಡಿದ್ಯಾ? ನಾನು ನಲವತ್ತು ಮಕ್ಕಳನ್ನು ಕೂರಿಸ್ಕೊಂಡು ಹೀಗೆ ಬಸ್ ಓಡಿಸಿದ್ರೆ ನನ್ನ ಲೈಸೆನ್ಸ್ ಕಿತ್ಕೊಳ್ತಾರೆ."

ಹೋಗಿಬಿಟ್ಟರು. ಬಾಗಿಲಿನ ಹುಡುಗಿಯರೂ ಹೋದರು. ಟ್ರಂಬೋನಿನವನು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ. ಸ್ವಲ್ಪ ಮಾನ ನನಗೂ ಇರಲಿ.

ಆ ಭಾನುವಾರ ಬೇಸ್‌ಮೆಂಟಿನಲ್ಲಿ ಮದ್ದಳೆ ಬಾರಿಸುತ್ತಾ ಮೊದಲ ಬಾರಿಗೆ ಅಪ್ಪನ ಕೈಯನ್ನು ಬಿಟ್ಟು ಅವರ ಕಣ್ಣನ್ನು ನೋಡಿದೆ. ಅವರು ತಾಳ ನೋಡುತ್ತಿರಲಿಲ್ಲ, ನಮ್ಮನ್ನೂ ನೋಡುತ್ತಿರಲಿಲ್ಲ. ಕುಣಿಯುತ್ತಿದ್ದವರ ಮೊಣಕಾಲನ್ನು ನೋಡುತ್ತಿದ್ದರು. ಕಾಲು ಸೋಲುವ ಒಂದು ಸುತ್ತು ಮೊದಲೇ ಮುಕ್ತಾಯ ಕೊಟ್ಟರು. ಆರು ವರ್ಷ ಪಕ್ಕದಲ್ಲಿ ಕೂತಿದ್ದರೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಸೋಮವಾರ ಕಾಲೇಜಿನ ಗೇಟಿನಲ್ಲಿ ಬಸ್ ಹೆಂಗಸಿಗಾಗಿ ಕಾದು ನಿಂತೆ. ಕ್ಷಮೆ ಕೇಳಲು ನಾಲ್ಕು ವಾಕ್ಯ ತಯಾರು ಮಾಡಿಕೊಂಡಿದ್ದೆ, ನಾಲ್ಕೂ ನಾಟಕದ ಹಾಗಿದ್ದವು. ಕೊನೆಗೆ ಹೇಳಿದ್ದು ಇಷ್ಟೆ: "ಇವತ್ತಿನಿಂದ ನಾನು ನಿಮ್ಮ ಭುಜ ನೋಡ್ತೇನೆ. ಉಸಿರಿಗೆ ಅದು ಮೇಲೆ ಹೋಗುವುದು ನಿಧಾನ ಆಯ್ತಾ, ಅಲ್ಲಿಗೆ ಮುಕ್ತಾಯ."

"ಭುಜ ನೋಡು," ಅಂದರು. "ಬಾಗಿಲು ನೋಡಿದ್ರೆ ಮಾತ್ರ ಬೈಗುಳ ಉಂಟು ನಿನಗೆ."

ಕೊನೆಯ ಮಂಗಳವಾರ ಮುಖ್ಯಸ್ಥರು ಇಣುಕಿದರು. ಸ್ಟ್ಯಾಂಡಿಲ್ಲ, ಕಾಗದವಿಲ್ಲ, ನಡುವೆ ಸ್ಟೂಲಿನ ಮೇಲೆ ನಾನು.

"ನಡೆಸುವವರು ನಿಲ್ಲಬೇಕು. ಎದುರಿಗೆ ಕಾಗದ ಇರಬೇಕು. ಇದು ಕಾಲೇಜು, ಕ್ಯಾಂಪ್ ಫಯರ್ ಅಲ್ಲ."

"ಸರ್, ನಿಂತ್ರೆ ಇವರಿಗೆ ನನ್ನ ಕೈ ಕಾಣ್ತದೆ. ಕಂಡ್ರೆ ಕಾಯ್ತಾರೆ. ಕಾದ್ರೆ ತಡ ಆಗ್ತದೆ."

"ನೀನು ಇಲ್ಲಿ ಯಾರು?"

ಕುರ್ಚಿ ಜೋಡಿಸುವವನು ಎಂದು ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಟ್ರಂಬೋನಿನವನು ಹೇಳಿದ, "ಅವ ನಮ್ಮನ್ನು ನಡೆಸುವವ. ಅವ ಕೂರ್ತಾನೆ. ನಿಮಗೆ ನಿಂತವರೇ ಬೇಕಾದ್ರೆ ನಾವು ಹದಿನಾಲ್ಕು ಮಂದಿ ನಿಲ್ತೇವೆ."

ಅವನು ನಿಂತ. ಒಬ್ಬೊಬ್ಬರಾಗಿ ಎಲ್ಲರೂ ನಿಂತರು. ಟೀಚರ್ ಕಟ್ಟಿದ ಕೈಯೊಂದಿಗೇ ಎದ್ದರು. ಕೂತಿದ್ದದ್ದು ನಾನೊಬ್ಬನೇ. ಏಳಬೇಕೆಂದು ಕಾಲು ಹೇಳುತ್ತಿತ್ತು, ಆದರೆ ಏಳಲಿಲ್ಲ. ಜೀವಮಾನದಲ್ಲಿ ಕೂತಿರುವುದಕ್ಕೆ ಅಷ್ಟು ಕಷ್ಟಪಟ್ಟದ್ದು ಅದೇ ಮೊದಲು. ಮುಖ್ಯಸ್ಥರು ನಮ್ಮನ್ನು ನೋಡಿ, ಸ್ಟಾಪ್‌ವಾಚನ್ನು ನೋಡಿ, "ಗುರುವಾರ ನಾಲ್ಕು ಗಂಟೆ" ಎಂದು ಹೇಳಿ ಹೋದರು.

ಗುರುವಾರ. ನಾಲ್ಕು ಗಂಟೆ. ಮುಖ್ಯಸ್ಥರು ಗೋಡೆಯ ಹತ್ತಿರ ಕೂತು ಗುಂಡಿ ಒತ್ತಿದರು. ನಾನು ತಾಳವನ್ನು ಕಣ್ಣಿಗೊತ್ತಿಕೊಂಡು ಮೊದಲ ಏಟು ಕೊಟ್ಟೆ.

ಜಂಭ ಕೊಚ್ಚುವುದು ನನ್ನ ಅಭ್ಯಾಸ, ಆದರೆ ಈಗ ಹೇಳುವುದರಲ್ಲಿ ಸೇರಿಸಿದ್ದು ಏನೂ ಇಲ್ಲ. ಅದು ಚೆನ್ನಾಗಿತ್ತು. ಕ್ಲಾರಿನೆಟ್ಟು ಎಸೆದದ್ದನ್ನು ಟ್ರಂಬೋನು ಹಿಡಿಯಿತು, ಮತ್ತೆ ಎಸೆಯಿತು. ಏಳು ಎಣಿಕೆ ಎಂಬುದು ಯಾರ ತಲೆಯಲ್ಲೂ ಇರಲಿಲ್ಲ. ಮುಖ್ಯಸ್ಥರ ಬೂಟಿನ ತುದಿ ಒಮ್ಮೆ ಅಲ್ಲಾಡಿತು. ಅವರು ಅದನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು. ಆರು ನಿಮಿಷ ಆಗಿರಬೇಕು. ಇನ್ನು ಸ್ವಲ್ಪ ಹೊತ್ತಿನಲ್ಲಿ ಮುಕ್ತಾಯ. ಭುಜ ನೋಡಬೇಕಿತ್ತು. ಬಾಗಿಲು ತೆರೆಯಿತು. ನಾನು ಬಾಗಿಲು ನೋಡಿದೆ.

ಅಪ್ಪ.

ಪ್ಲಾಂಟಿನ ಜಾಕೆಟ್ಟು, ಕಬ್ಬಿಣದ ಮೂತಿಯ ಬೂಟು, ಕೈಯಲ್ಲಿ ಕೆಂಪು ವಸ್ತ್ರ. ಆ ದಿನ ಪ್ಲಾಂಟಿಗೆ ಸೀಟುಗಳ ಲಾರಿ ಬರಲಿಲ್ಲವಂತೆ, ಶಿಫ್ಟಿನವರನ್ನು ಗೇಟಿನಿಂದಲೇ ಮನೆಗೆ ಕಳಿಸಿದ್ದರು. ಸಿಕ್ಕಿದ ರಜೆಯಲ್ಲಿ ಪದ್ಯ ನೋಡುವ ಎಂದು ವಸ್ತ್ರ ಬಿಚ್ಚಿದರೆ ಒಳಗೆ ಮುಚ್ಚಳಗಳು. ಫ್ರಿಜ್ ಮೇಲಿನ ಕಾಗದ ನೋಡಿಕೊಂಡು ಲ್ಯಾಬಿಗೆ ಬಂದರು. ಲ್ಯಾಬಿನವರು ಎದುರಿನ ಬಾಗಿಲು ತೋರಿಸಿದರು. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಆ ಕ್ಷಣ ಕಂಡದ್ದು ಅಪ್ಪನ ಕಣ್ಣು ಮತ್ತು ನನ್ನ ಕೈಯಲ್ಲಿದ್ದ ಅವರ ತಾಳ.

ಕೈ ತನ್ನಷ್ಟಕ್ಕೆ ತಾಳ ಹಾಕುತ್ತಿತ್ತು, ಮುಕ್ತಾಯದ ಪೆಟ್ಟು ಮಾತ್ರ ನಾಲಗೆಗೆ ಬರಲಿಲ್ಲ. ಒಂದು ಸುತ್ತು ಹೋಯಿತು. ಐದು ಸುತ್ತು ಹೋಯಿತು. ನಾನು ಕಲಿಸಿದ ಹಾಗೆಯೇ ಯಾರೂ ನಿಲ್ಲಿಸಲಿಲ್ಲ. ಟ್ರಂಬೋನಿನವನ ಹುಬ್ಬು ಮೇಲೇರುತ್ತಾ ಹೋಗಿ ಕೂದಲಿನೊಳಗೆ ಸೇರಿತು. ಟೀಚರ್ ಎಡಗೈ ಬೆರಳಿನಿಂದ ಗಡಿಯಾರ ತೋರಿಸಿದರು. ಮುಖ್ಯಸ್ಥರು ಪೆನ್ನಿನ ಮುಚ್ಚಳ ತೆಗೆದರು. ಎಂಟು ನಿಮಿಷ ದಾಟಿದರೆ ಹದಿನಾಲ್ಕು ಮಂದಿಯ ವರ್ಷ ಹೋಯಿತು. ಅದು ನನಗೆ ಗೊತ್ತಿತ್ತು, ಆದರೂ ಮಾತು ಹೊರಡಲಿಲ್ಲ.

ಅಪ್ಪ ನಡೆದು ಬಂದರು. ಬೈಯಲು ಬರುತ್ತಿದ್ದಾರೆ ಅಂದುಕೊಂಡೆ. ಅವರು ನನ್ನನ್ನು ನೋಡುತ್ತಲೇ ಇರಲಿಲ್ಲ. ಅರ್ಧಚಂದ್ರದ ಉದ್ದಕ್ಕೂ ಒಮ್ಮೆ ಕಣ್ಣು ಓಡಿಸಿ, ಬಸ್ ಹೆಂಗಸಿನ ಭುಜದ ಮೇಲೆ ನಿಲ್ಲಿಸಿದರು. ನನ್ನ ಎರಡು ಏಟುಗಳ ನಡುವೆ ತಾಳವನ್ನು ನನ್ನ ಬೆರಳಿನಿಂದ ಬಿಡಿಸಿಕೊಂಡರು. ಒಂದು ಏಟೂ ತಪ್ಪಲಿಲ್ಲ. ಮೈಕಿಲ್ಲದೆ ಇಡೀ ಸಭೆಗೆ ಕೇಳಿಸುವ ಆ ಸ್ವರದಲ್ಲಿ ಮುಕ್ತಾಯ ಹೇಳಿ, ಮೂರು ಸಲ ಕೊಟ್ಟರು.

ಹದಿನಾಲ್ಕು ಮಂದಿ ಒಂದೇ ಏಟಿಗೆ ನಿಲ್ಲಿಸಿದರು. ಕಾರಿನ ಬಾಗಿಲು ಸರಿಯಾಗಿ ಮುಚ್ಚಿದ ಹಾಗೆ.

"ಏಳು ನಿಮಿಷ ಐವತ್ತು ಸೆಕೆಂಡ್," ಅಂದರು ಮುಖ್ಯಸ್ಥರು. ಸ್ವಲ್ಪ ಹೊತ್ತು ಸ್ಟಾಪ್‌ವಾಚನ್ನೇ ನೋಡಿದರು. "ಕಚೇರಿಯಲ್ಲಿ ನುಡಿಸ್ಬಹುದು."

ಕೂಗು, ಸಿಳ್ಳೆ, ಯಾರೋ ಟ್ರಂಪೆಟ್ಟಿನಲ್ಲಿ ಆನೆ ಕೂಗಿಸಿದರು. ಮುಖ್ಯಸ್ಥರು ಬರೆಯಲು ಕಾಗದ ತೆಗೆದರು. "ನಡೆಸುವವರ ಹೆಸರು?"

ಟೀಚರ್ ನನ್ನ ಕಡೆ ತೋರಿಸಿದರು. ನಾನು ಎದ್ದು ನಿಂತೆ.

"ಹಿ ಈಸ್ ನಾಟ್ ಅವೈಲೇಬಲ್," ಅಂದರು ಅಪ್ಪ. ಆಮೇಲೆ ನನಗೆ, ತಗ್ಗಿದ ಸ್ವರದಲ್ಲಿ, "ಕಂಪ್ಯೂಟರ್ ರಿಪೇರಿಯಾ ಇದು? ಒಂದೂವರೆ ತಿಂಗಳು ನಮ್ಮನ್ನು ಮಂಗ ಮಾಡಿದ್ದಲ್ವಾ? ನಾಳೆಯಿಂದ ಸ್ಕೂಲು, ಮನೆ. ಕೋ-ಆಪ್ ಇಲ್ಲ, ಕಚೇರಿ ಇಲ್ಲ, ಭಾನುವಾರ ಮದ್ದಳೆಯೂ ಇಲ್ಲ. ಮುಗೀತು. ನಡಿ."

"ನಾನು ಬರುದಿಲ್ಲ."

ಅದು ನನ್ನದೇ ಸ್ವರ. ಅಪ್ಪನಿಗೆ ನಾನು ಹಾಗೆ ಹೇಳಿದ್ದು ಅದೇ ಮೊದಲು.

"ಎಂತ ಹೇಳಿದ್ದು?"

"ಕದ್ದದ್ದು ತಪ್ಪು. ಬೇಕಾದ್ರೆ ಹೊಡೀರಿ. ಆದ್ರೆ ಇವರಿಗೆ ಏಳು ಕಲಿಸಿದ್ದು ನಾನು. ಅದು ತಪ್ಪಲ್ಲ ಅಪ್ಪ. ನೀವೇ ಕೇಳಿದ್ರಲ್ಲ ಈಗ. ಒಬ್ಬರಾದ್ರೂ ಜಾರಿದ್ರಾ?"

ಅಪ್ಪ ತಾಳವನ್ನು ಕಣ್ಣಿಗೊತ್ತಿ, ಕೆಂಪು ವಸ್ತ್ರದಲ್ಲಿಟ್ಟು, ಗಂಟು ಹಾಕಿದರು. ಮಾಮೂಲಿಗಿಂತ ಹೆಚ್ಚು ಹೊತ್ತು ಹಾಕಿದರು. ಆಮೇಲೆ ನನ್ನ ಜಾಕೆಟ್ಟಿನ ಕಾಲರು ಹಿಡಿದರು.

"ಹಾಗಾದ್ರೆ ಯಾರ ಹೆಸರು ಬರೀಲಿ?" ಮುಖ್ಯಸ್ಥರು ಮತ್ತೆ ಕೇಳಿದರು.

"ಯಾರದ್ದು ಬೇಕಾದ್ರೂ ಬರ್ಕೊಳ್ಳಿ," ಅಂದ ಟ್ರಂಬೋನಿನವನು. "ನಮಗೆ ಬಾಯಲ್ಲಿ ಉಂಟು."

ವಾದ್ಯ ಕೆಳಗಿಟ್ಟು, ಅಪ್ಪನನ್ನು ನೇರ ನೋಡುತ್ತಾ, ತೊಡೆಯ ಮೇಲೆ ತಟ್ಟಿಕೊಂಡು ಶುರುಮಾಡಿದ. ತಕಿಟ ತಕಧಿಮಿ. ಬಸ್ ಹೆಂಗಸು ಸೇರಿದರು. ಆಮೇಲೆ ಎಲ್ಲರೂ.

ಅಪ್ಪ ನನ್ನನ್ನು ಕಾರಿಡಾರಿನಲ್ಲಿ ಎಳೆದುಕೊಂಡು ಹೊರಟರು. ಲ್ಯಾಬು ದಾಟಿತು, ಮೆಟ್ಟಿಲು ದಾಟಿತು, ಹಿಂದಿನಿಂದ ಅದು ಕೇಳುತ್ತಲೇ ಇತ್ತು. ಸ್ವಲ್ಪವೂ ಓಡದೆ, ಸ್ವಲ್ಪವೂ ಜಾರದೆ. ಮುಕ್ತಾಯ ಕೊಡಲು ಗೊತ್ತಿದ್ದ ನಾವಿಬ್ಬರೂ ಆಗಲೇ ಪಾರ್ಕಿಂಗಿಗೆ ಬಂದಿದ್ದೆವು.